ಲಾಲ್‌ಬಾಗೇ ನಮ್ಮ ತರಗತಿ: ಒಂದು ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ.

ಲಾಲ್‌ಬಾಗಿಗೆ ನಡೆದೇ ಹೋಗಬಹುದಾದ ಒಂದು ಸಣ್ಣ ಕನ್ನಡ ಶಾಲೆಯ ಟ್ರಸ್ಟಿನಿಂದ ಈ ಪತ್ರ. ಹೂವು ಕಟ್ಟಿ ಮಾರುವವರ, ಗಾರೆ ಕೆಲಸದವರ, ಮನೆಗೆಲಸದವರ ಮಕ್ಕಳೇ ನಮ್ಮಲ್ಲಿ ಹೆಚ್ಚು. ಇಷ್ಟು ಹತ್ತಿರದ ತೋಟ ಇವರಲ್ಲಿ ಬಹಳ ಮಂದಿಗೆ ಗೊತ್ತಿರುವುದು ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಿಂದ ಮಾತ್ರ.

ಕಳೆದ ಬೇಸಿಗೆಯಲ್ಲಿ ಐದನೇ ತರಗತಿಯವರನ್ನು ಅಲ್ಲಿನ ಬಿಳಿ ಬೂರುಗದ ಮರದ ಹತ್ತಿರ ಕರೆದೊಯ್ದಿದ್ದೆವು. ಗೋಡೆಯ ಹಾಗೆ ಎದ್ದು ನಿಂತ ಅದರ ಹಲಗೆಬೇರು ನೋಡಿ ಗಲಾಟೆಯೆಲ್ಲ ಒಮ್ಮೆಲೇ ನಿಂತಿತು. ಒಬ್ಬ ಹುಡುಗಿ ನೆಲಕ್ಕೆ ಬಿದ್ದಿದ್ದ ಅರಳೆಯ ಉಂಡೆ ಎತ್ತಿಕೊಂಡು ಮೆಲ್ಲಗೆ ಬಿಡಿಸಿದಳು. ಒಳಗೆ ಕಾಳುಮೆಣಸಿನಂಥ ಕಪ್ಪು ಬೀಜ. "ಮಿಸ್, ಬೀಜ ಹಾರ್ಲಿ ಅಂತ ಮರ ಹತ್ತಿ ಮಾಡ್ಕೊಂಡಿದ್ಯಾ?" ಎಂದಳು. ಬೀಜ ಪ್ರಸಾರದ ಪಾಠ ಆ ವಾರವೇ ಮುಗಿಸಿದ್ದೆವು, ಪ್ರಶ್ನೋತ್ತರವನ್ನೂ ಬರೆಸಿದ್ದೆವು. ಪಾಠ ಅವಳಿಗೆ ಆದದ್ದು ಆ ಮರದ ಕೆಳಗೆ.

1760ರಲ್ಲಿ ಹೈದರ್ ಅಲಿ ಸುಮಾರು 40 ಎಕರೆಯಲ್ಲಿ ಮಾಡಿಸಿದ ತೋಟ ಇದು. ಟಿಪ್ಪು ಹೊರದೇಶಗಳಿಂದ ಸಸಿ, ಬೀಜ ತರಿಸಿ ಬೆಳೆಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿ, ಈಗ 240 ಎಕರೆಗೆ ಹರಡಿದೆ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯನ್ನು ಎಲ್ಲರೂ ನೋಡಿದ್ದಾರೆ. ಆ ಕಾಲದಲ್ಲಿ ತೋಟದ ಹೊಣೆ ಹೊತ್ತಿದ್ದ ಜಾನ್ ಕ್ಯಾಮರಾನ್ ಅವರೇ ನಮ್ಮ ಸಾಂಬಾರಿನ ಸೀಮೆಬದನೆಕಾಯಿಯನ್ನು ಬೆಂಗಳೂರಿಗೆ ತಂದವರು ಎಂದರೆ ಮಕ್ಕಳಿಗೆ ನಂಬಿಕೆಯೇ ಬರುವುದಿಲ್ಲ! 1908ರಲ್ಲಿ ಅವರ ಜಾಗಕ್ಕೆ ಬಂದ ಜರ್ಮನಿಯ ಕ್ರುಂಬಿಗೆಲ್, ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಲೆಕ್ಕ ಹಾಕಿ ಊರಿನ ರಸ್ತೆಗಳಿಗೆ ಮರ ಆರಿಸಿದರು. ಮುಂದೆ ತೋಟದ ಹೊಣೆ ಹೊತ್ತ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡರ ಕಾಲಕ್ಕೆ ತೋಟಗಾರಿಕೆಯ ಈ ವಿದ್ಯೆ ತೋಟದ ಬೇಲಿ ದಾಟಿ ರೈತರ ಹೊಲಕ್ಕೂ ಹೋಯಿತು.

ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯ ಕಥೆಯೇ ಬೇರೆ. ಸುಮಾರು 300 ಕೋಟಿ ವರ್ಷದ ಕಲ್ಲು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಕಪ್ಪು-ಬಿಳಿ ಪಟ್ಟೆಗಳ ಮೇಲೆ ಬೆರಳಾಡಿಸಿದ ಮಗುವಿಗೆ ಭೂಮಿಯ ವಯಸ್ಸನ್ನು ಬಾಯಿಪಾಠ ಮಾಡಿಸಬೇಕಿಲ್ಲ ಎಂಬುದು ನಮ್ಮ ನಂಬಿಕೆ.

ಬರುವ ಜೂನ್‌ನಿಂದ ನಾಲ್ಕರಿಂದ ಏಳನೇ ತರಗತಿಯವರಿಗೆ ಶನಿವಾರದ ಬೆಳಗಿನ ಶಾಲೆಯನ್ನು ತೋಟದಲ್ಲೇ ನಡೆಸಬೇಕೆಂದಿದ್ದೇವೆ. ಅದಕ್ಕೆ ಮೊದಲು ಬೇಕಾಗಿರುವುದು ಒಂದು ಪುಸ್ತಿಕೆ: ತೋಟದ 60 ಮರಗಳ ಕನ್ನಡ ಹೆಸರು, ಎಲೆ, ಕಾಯಿಗಳ ಚಿತ್ರ, ಹೂ ಬಿಡುವ ತಿಂಗಳು. ಚಿತ್ರಗಳನ್ನು ನಮ್ಮ ಡ್ರಾಯಿಂಗ್ ಮೇಷ್ಟ್ರು ಆಗಲೇ ಬರೆಯತೊಡಗಿದ್ದಾರೆ, ಅಚ್ಚು ಹಾಕಿಸಲು ನಮ್ಮಲ್ಲಿ ಹಣವಿಲ್ಲ. ಪುಸ್ತಿಕೆ, ಒಂದು ಭೂತಗನ್ನಡಿ, ಎಲೆ ಅಂಟಿಸುವ ದಪ್ಪ ಹಾಳೆಯ ನೋಟ್‌ಬುಕ್, ವರ್ಷವಿಡೀ ಶನಿವಾರದ ತಿಂಡಿ ಸೇರಿ ಒಂದು ಮಗುವಿಗೆ ₹1,500 ಬೇಕು. ಒಂದು ಮಗುವಿನ ಖರ್ಚು ಹೊರುವಿರಾದರೆ ಬಹಳ ಸಂತೋಷ. ₹100 ಕೊಟ್ಟರೂ ಅದು ಪುಸ್ತಿಕೆಯ ಅಚ್ಚಿಗೆ ಹೋಗುತ್ತದೆ.

ಹಣ ಕೊಡಲು ಆಗದವರು ಸಂಕೋಚಪಡಬೇಡಿ. ಮರಗಳ ಹಳೆಯ ಹೆಸರು, ಊರಕಡೆಯ ಬಳಕೆ ಬಲ್ಲ ಹಿರಿಯರು ಒಂದು ಶನಿವಾರ ಮಕ್ಕಳ ಜೊತೆ ನಡೆಯಲು ಬಂದರೆ ಅದನ್ನೂ ದೇಣಿಗೆಯೆಂದೇ ಬರೆದುಕೊಳ್ಳುತ್ತೇವೆ. ನಮ್ಮ ಆ ಹುಡುಗಿಯ ಅಜ್ಜಿ, ಬೂರುಗದ ಅರಳೆಯಿಂದ ದಿಂಬು ಹೊಲಿಯುತ್ತಿದ್ದವರು, ಮೊದಲ ವಾರಕ್ಕೆ ಒಪ್ಪಿಕೊಂಡಿದ್ದಾರೆ.

ದೇಣಿಗೆಯನ್ನು ಶಾಲೆಯ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಬಹುದು. ಪ್ರತಿ ತಿಂಗಳ ಖರ್ಚಿನ ವಿವರ ನೋಟಿಸ್ ಬೋರ್ಡಿನಲ್ಲಿರುತ್ತದೆ. ಪುಸ್ತಿಕೆ ಮೇ ತಿಂಗಳಲ್ಲಿ ಅಚ್ಚಿಗೆ ಹೋಗಬೇಕು, ಅಷ್ಟರೊಳಗೆ ಕೈಜೋಡಿಸಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಶಾಲಾ ಟ್ರಸ್ಟ್