ಹೊಸ ಪ್ರೊಸೆಸರ್‌ಗಳಿಗೆ ಕಾಯಬೇಕೆ? ಭಾನುವಾರದ ಸಭೆಯ ಸೂಚನೆ

ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಒಟ್ಟಾಗಿ ಡೆಸ್ಕ್‌ಟಾಪ್ ಕೊಳ್ಳಲು ಹೆಸರು ಕೊಟ್ಟಿರುವವರ ಸಭೆಯನ್ನು ಬರುವ ಭಾನುವಾರ ಬೆಳಿಗ್ಗೆ 11 ಗಂಟೆಗೆ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿರುವ ನಮ್ಮ ಎಂದಿನ ಕೊಠಡಿಯಲ್ಲಿ ಕರೆಯಲಾಗಿದೆ. ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಮುಂದಿನ ಚಿಪ್‌ಗಳು ಬರುವವರೆಗೆ ಖರೀದಿಯನ್ನು ಮುಂದೂಡಬೇಕೆಂದು ಕೆಲವರು ಕೇಳಿರುವುದರಿಂದ, ಆ ವಿಷಯವನ್ನು ಅಂದೇ ಇತ್ಯರ್ಥಪಡಿಸಬೇಕಾಗಿದೆ.

ಬಿಡುಗಡೆಗೆ ಮುಂಚೆ ಕಂಪನಿಗಳು ತೋರಿಸುವ ವೇಗದ ಅಂಕಿಗಳು ಅವುಗಳೇ ಆಯ್ದುಕೊಂಡ ಪರೀಕ್ಷೆಗಳಿಂದ ಬಂದವು ಎಂಬುದನ್ನು ದಯವಿಟ್ಟು ನೆನಪಿಡಿ. 2024ರ ಆಗಸ್ಟ್‌ನಲ್ಲಿ ಬಂದ ಎಎಂಡಿಯ ರೈಜೆನ್ 9000 ಚಿಪ್‌ಗಳು ಕಂಪ್ಯೂಟರ್ ಆಟಗಳಲ್ಲಿ ನಿರೀಕ್ಷಿಸಿದಷ್ಟು ಮುಂದೆ ಹೋಗಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 200ಎಸ್ ಅಂತೂ ಕೆಲವು ಆಟಗಳಲ್ಲಿ ಇಂಟೆಲ್‌ನದೇ ಹಿಂದಿನ 14ನೇ ಪೀಳಿಗೆಯ ಚಿಪ್‌ಗಳಿಗಿಂತ ಹಿಂದುಳಿಯಿತು. ವೇಗಕ್ಕಿಂತ ಸಾಕೆಟ್ (ಮದರ್‌ಬೋರ್ಡ್ ಎಂಬ ಮುಖ್ಯ ಫಲಕದಲ್ಲಿ ಪ್ರೊಸೆಸರ್ ಕೂರುವ ಜಾಗ) ನೋಡುವುದು ಲೇಸೆಂಬುದು ನನ್ನ ಅಭಿಪ್ರಾಯ: ಎಎಂಡಿಯ 2022ರ ಎಎಂ5 ಸಾಕೆಟ್‌ನಲ್ಲಿ ರೈಜೆನ್ 7000 ಮತ್ತು 9000 ಎರಡೂ ಕೂರುತ್ತವೆ, ಕೋರ್ ಅಲ್ಟ್ರಾ 200ಎಸ್‌ಗಾದರೋ ಹೊಸ ಮದರ್‌ಬೋರ್ಡ್ ಬೇಕಾಯಿತು. (ನಮ್ಮೂರಿನ ಬಿಸಿಲಿಗೆ ಪ್ರೊಸೆಸರ್ ತಂಪಾಗಿಡುವ ಒಳ್ಳೆಯ ಕೂಲರ್‌ನ ಖರ್ಚನ್ನೂ ಸೇರಿಸಿಕೊಳ್ಳಿ.)

ಡಿಟಿಪಿ, ವಿಡಿಯೊ ಎಡಿಟಿಂಗ್, ಲೆಕ್ಕಪತ್ರ ಇವುಗಳಲ್ಲಿ ತಮ್ಮ ಮುಖ್ಯ ಕೆಲಸ ಯಾವುದು, ಬಜೆಟ್ ಎಷ್ಟು ಎಂಬುದನ್ನು ಎಲ್ಲರೂ ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಬರೆದು ತಿಳಿಸಬೇಕು. ಅಂಗಡಿಯ ಕೊಟೇಶನ್ ಪಡೆದವರು ಅದರ ಪ್ರತಿಯನ್ನು ತರಬೇಕು. ಬರಲಾಗದವರು ಕಾಯುವುದೋ ಕೊಳ್ಳುವುದೋ ಎಂಬ ತಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿ ಸಹಕರಿಸಬೇಕಾಗಿ ವಿನಂತಿ.