ಅಜ್ಜನ ಜಾವಾಕ್ಕೆ ಬಣ್ಣ ಆಮೇಲೆ, ಆಯಿಲ್ ಸೀಲ್ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಜುಲೈ ತಿಂಗಳ ಎರಡನೇ ಭಾನುವಾರ ಹಳೆಯ ಜಾವಾ, ಯೆಜ್ಡಿ ಬೈಕುಗಳ ಅಭಿಮಾನಿಗಳಿಗೆ ಜಾವಾ ದಿನ. ಮಾರನೆಯ ದಿನ ಪತ್ರಿಕೆಗಳಲ್ಲಿ ಸಾಲಾಗಿ ನಿಂತ ಮರೂನ್ ಬಣ್ಣದ ಗಾಡಿಗಳು, ಟ್ಯಾಂಕಿನ ಮೇಲೆ ಕೈಯಿಟ್ಟ ಮೊಮ್ಮಗ, ಪಕ್ಕದಲ್ಲಿ ತಾತ. ಚಿತ್ರವೇನೋ ಚೆನ್ನಾಗಿಯೇ ಇರುತ್ತದೆ. ಅದನ್ನು ನೋಡಿ ಹಿತ್ತಲಿನ ಶೆಡ್ಡಿನಿಂದ ಹಳೆ ಗಾಡಿ ಹೊರತೆಗೆಯುವ ಮನೆಯವರು ಮಾತ್ರ ಮೊದಲು ಹೋಗುವುದು ಪೇಂಟಿಂಗ್ ಅಂಗಡಿಗೆ. ದುಡ್ಡೆಲ್ಲ ಕ್ರೋಮ್, ಬಣ್ಣ, ಸೀಟಿಗೆ ಮುಗಿದು, ಎಂಜಿನ್ನಿನ ಪಾಲಿಗೆ ‘ಒಂದು ರಿಂಗ್ ಸೆಟ್ ಹಾಕಿಬಿಡಿ’ ಎನ್ನುವಷ್ಟೇ ಉಳಿಯುತ್ತದೆ. ಹೊಳೆಯುವ ಗಾಡಿ ಎರಡನೇ ವಾರಕ್ಕೆ ರಸ್ತೆ ಬದಿಯಲ್ಲಿ ಜಾಮ್ ಆಗಿ ನಿಲ್ಲುವುದು ಇದರಿಂದ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ತಯಾರಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಬಿತ್ತು. ಅಲ್ಲಿಂದ ಹೊರಬಿದ್ದ 250 ಸಿ.ಸಿ. ಗಾಡಿಗಳು ಇನ್ನೂ ಓಡುತ್ತಿವೆ ಎಂದರೆ ಎಂಜಿನ್ನಿನ ಸರಳತೆಯೇ ಕಾರಣ: 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಹೆಚ್ಚಿನ ಮಾದರಿಗಳಲ್ಲಿ ಆಯಿಲ್ ಪಂಪೂ ಇಲ್ಲ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸೇ, ಅಂದರೆ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಇರುವ ಪೆಟ್ಟಿಗೆಯೇ, ಪಂಪು. ಪಿಸ್ಟನ್ ಮೇಲೇರುವಾಗ ಗಾಳಿ, ಪೆಟ್ರೋಲನ್ನು ಅದರೊಳಗೆ ಎಳೆದುಕೊಳ್ಳುತ್ತದೆ. ಇಳಿಯುವಾಗ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಪಂಪಿನಲ್ಲಿ ತೂತಿದ್ದರೆ ಮಿಕ್ಕ ಯಾವ ರಿಪೇರಿಯೂ ದಕ್ಕುವುದಿಲ್ಲ.

ಆ ತೂತು ಸಾಮಾನ್ಯವಾಗಿ ಇರುವುದು ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳಲ್ಲಿ, ಅಂದರೆ ಗಾಳಿ, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಗಳಲ್ಲಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ರಬ್ಬರ್ ಒಣಗಿ ಗಟ್ಟಿಯಾಗಿ, ಶಾಫ್ಟಿನ ಮೇಲೆ ಕೂರುವುದನ್ನೇ ಬಿಟ್ಟಿರುತ್ತದೆ. ಎಡಗಡೆಯ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸ್ ಆಯಿಲ್ಲನ್ನು ಎಂಜಿನ್ನೇ ಹೀರಿಕೊಳ್ಳುತ್ತದೆ. ಬೀದಿಗೆಲ್ಲ ದಟ್ಟ ಹೊಗೆ, ಪ್ಲಗ್ ಪದೇ ಪದೇ ಕರಿಯಾಗುವುದು, ನೆಲದಲ್ಲಿ ಒಂದು ತೊಟ್ಟೂ ಸೋರದೆ ಗೇರ್ ಆಯಿಲ್ ಮಟ್ಟ ಇಳಿಯುವುದು ಅದರ ಗುರುತು. ಬಲಗಡೆಯ, ಡೈನಮೋ ಹಿಂದಿನ ಸೀಲ್ ಹೋದರೆ ಹೊಗೆ ಬರುವುದಿಲ್ಲ. ಅದಕ್ಕೇ ಅದು ಹೆಚ್ಚು ಅಪಾಯ. ಅಲ್ಲಿಂದ ಬರೀ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದು, ಸಿಲಿಂಡರ್ ವಿಪರೀತ ಕಾಯುತ್ತದೆ, ಕೊನೆಗೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕಾರಣ ಹುಡುಕದೆ ಬೋರಿಂಗ್ ಮಾಡಿಸಿ (ಸಿಲಿಂಡರ್ ಕೊರೆಸಿ) ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಆಗ ಬೈಗುಳ ಪಿಸ್ಟನ್ ಕಂಪನಿಗೆ!

ಇದನ್ನು ಪರೀಕ್ಷಿಸಲು ದೊಡ್ಡ ಯಂತ್ರ ಬೇಡ, ಮನೆಯಲ್ಲಿರುವ ಹಳೆಯ ಮಾದರಿಯ ಬಿ.ಪಿ. ನೋಡುವ ಸಾಧನ ಸಾಕು. ಕಾರ್ಬ್ಯುರೇಟರ್, ಸೈಲೆನ್ಸರ್ ಪೈಪು ಬಿಚ್ಚಿ, ಒಂದು ಇನ್‌ಲೆಟ್, ಎರಡು ಎಕ್ಸಾಸ್ಟ್ ಬಾಯಿಗಳನ್ನು ಟೈರ್ ಟ್ಯೂಬಿನ ರಬ್ಬರ್ ಮತ್ತು ತಗಡಿನಿಂದ ಬಿಗಿಯಾಗಿ ಮುಚ್ಚಬೇಕು. ಪ್ಲಗ್ಗಿನ ಜಾಗದಲ್ಲಿ ಹಳೆ ಪ್ಲಗ್ಗಿನ ಪಿಂಗಾಣಿ ತೆಗೆದು ಮಾಡಿದ ನಿಪ್ಪಲ್ ಕೂರಿಸಿ ಬಿ.ಪಿ. ಬಲ್ಬಿನ ಪೈಪು ಸಿಕ್ಕಿಸಬೇಕು. ಪಿಸ್ಟನ್ ಕೆಳತುದಿಯಲ್ಲಿರಲಿ, ಆಗ ಸಿಲಿಂಡರಿಗೂ ಕೆಳಗಿನ ಕೇಸಿಗೂ ನಡುವಿನ ದಾರಿಗಳಾದ ಟ್ರಾನ್ಸ್‌ಫರ್ ಪೋರ್ಟುಗಳು ತೆರೆದು ಒತ್ತಡ ಕ್ರ್ಯಾಂಕ್‌ಕೇಸಿಗೂ ತಲಪುತ್ತದೆ. ಮುಳ್ಳು 300ಕ್ಕೆ ಬರುವವರೆಗೆ ಒತ್ತಿ. ಅದು ಸುಮಾರು 6 ಪಿ.ಎಸ್.ಐ. ಅದಕ್ಕಿಂತ ಹೆಚ್ಚು ಬೇಡ, ಸರಿಯಿರುವ ಸೀಲೂ ಮಗುಚಿಕೊಳ್ಳಬಹುದು. ಐದಾರು ನಿಮಿಷ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತರೆ ಕೇಸ್ ಭದ್ರ. ಸರಸರ ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ: ಸಿಲಿಂಡರ್ ಬುಡದ ಪ್ಯಾಕಿಂಗ್, ಹೆಡ್, ಕೇಸಿನ ಎರಡು ಹೋಳು ಕೂಡುವ ಜಾಗ. ಬಲಗಡೆಯ ಕವರ್ ತೆಗೆದು ಡೈನಮೋ ಬಿಚ್ಚಿದರೆ ಆ ಕಡೆಯ ಸೀಲ್ ಕಣ್ಣಿಗೇ ಕಾಣುತ್ತದೆ. ಎಲ್ಲೂ ಗುಳ್ಳೆಯಿಲ್ಲದೆ ಗೇರ್ ಆಯಿಲ್ ಹಾಕುವ ಬಾಯಿಯಿಂದ ‘ಬುಸ್’ ಎಂದರೆ ಎಡ ಸೀಲೇ ಕಳ್ಳ. ಹೊಸ ಸೀಲ್ ಕೂರಿಸುವಾಗ ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್ ಕಡೆಗಿರಬೇಕು, ತುಟಿಗೆ ಸ್ವಲ್ಪ ಗ್ರೀಸ್ ಸವರಬೇಕು.

ಇದೆಲ್ಲಕ್ಕೂ ಮೊದಲು ಒಂದು ಮಾತು. ಎಷ್ಟೋ ವರ್ಷ ನಿಂತ ಗಾಡಿಗೆ ಮನೆಯವರೆಲ್ಲ ಸರದಿಯಲ್ಲಿ ಕಿಕ್ ಹೊಡೆಯುವ ಸಂಭ್ರಮ ಬೇಡ. ಒಣಗಿದ ರಿಂಗು ಸಿಲಿಂಡರನ್ನು ಗೀರುತ್ತದೆ. ಪ್ಲಗ್ ಬಿಚ್ಚಿ ಎರಡು ಮೂರು ಚಮಚ ಎಂಜಿನ್ ಆಯಿಲ್, ಅಷ್ಟೇ ಡೀಸೆಲ್ ಬಿಟ್ಟು ಒಂದೆರಡು ದಿನ ಕಾಯಿರಿ. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಪಿಸ್ಟನ್ ಹಿಡಿದಿದ್ದರೆ ಸುತ್ತಿಗೆ ಮುಟ್ಟದೆ ಇನ್ನಷ್ಟು ದಿನ ನೆನೆಸಿ. ಸೈಲೆನ್ಸರ್ ಒಳಗೂ ಇಣುಕಿ ನೋಡಿ, ಕಣಜದ ಗೂಡಿನಿಂದ ಇಲಿಮರಿಯವರೆಗೆ ಏನು ಬೇಕಾದರೂ ಸಿಗಬಹುದು.

ಎಂಜಿನ್ ಬಿಚ್ಚಿದ ಮೇಲೆ ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ತುದಿ, ನೋಡಬೇಕು. ಕನೆಕ್ಟಿಂಗ್ ರಾಡನ್ನು ನೆಟ್ಟಗೆ ಮೇಲೆ ಕೆಳಗೆ ಎಳೆದಾಗ ಟಕ್ ಎಂಬ ಆಟ ಒಂದಿಷ್ಟೂ ಇರಬಾರದು. ಅಕ್ಕಪಕ್ಕಕ್ಕೆ ತುಸು ಆಡುವುದು ಸಹಜ. ಈ ಕ್ರ್ಯಾಂಕ್ ಒತ್ತಿ ಜೋಡಿಸಿದ್ದು. ರಾಡ್ ಕಿಟ್ ಬದಲಿಸಲು ಹೈಡ್ರಾಲಿಕ್ ಪ್ರೆಸ್ ಬೇಕು, ಜೋಡಿಸಿದ ಮೇಲೆ ಲೇತಿನ ಸೆಂಟರುಗಳ ನಡುವೆ ಡಯಲ್ ಗೇಜ್ ಇಟ್ಟು ಓಟ, ಅಂದರೆ ತಿರುಗುವಾಗಿನ ಓಲಾಟ, ನೋಡಬೇಕು. ಓಟ 0.03 ಮಿ.ಮೀ. ದಾಟಿದರೆ ಗಾಡಿ ನಡುಗುತ್ತದೆ, ಹೊಸ ಬೇರಿಂಗು, ಸೀಲು ಎರಡನ್ನೂ ತಿಂದುಹಾಕುತ್ತದೆ. ಸುತ್ತಿಗೆ ಏಟಿನಲ್ಲೇ ಕ್ರ್ಯಾಂಕ್ ಬಿಚ್ಚಿ ಜೋಡಿಸುವ ಕೈಗಳಿಗೆ ಗಾಡಿ ಕೊಡಬೇಡಿ. ಬೇರಿಂಗ್ ತೆಗೆಯಲು ಕೇಸನ್ನು ಸುಮಾರು 100 ಡಿಗ್ರಿಗೆ ಬಿಸಿ ಮಾಡಿದರೆ ಅದು ತಾನೇ ಜಾರಿ ಬರುತ್ತದೆ. ಕೇಸಿನ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಆ ಗಾಯದಲ್ಲೇ ಮುಂದೆ ಗಾಳಿ ಸೋರುತ್ತದೆ.

ಬೋರಿಂಗ್ ವಿಷಯದಲ್ಲಿ ಒಂದೇ ಹಟ: ಮೊದಲು ಪಿಸ್ಟನ್ ಕೊಂಡು, ಅದನ್ನು ಅಳೆದು, ಅದಕ್ಕೆ ತಕ್ಕ ಹಾಗೆ ಸಿಲಿಂಡರ್ ಕೊರೆಸಿ. ಓವರ್‌ಸೈಜ್ ಪಿಸ್ಟನ್ನುಗಳು ಕಾಲು ಕಾಲು ಮಿ.ಮೀ. ಏರಿಕೆಯಲ್ಲಿ ಬರುತ್ತವೆ. ಮೊದಲ ಓವರ್‌ಸೈಜಿಗೇ ಗೀರು ಹೋಗುವಂತಿದ್ದರೆ ನೇರ ಒಂದು ಮಿ.ಮೀ.ಗೆ ಹೋಗಿ ಮುಂದಿನ ತಲೆಮಾರಿನ ಲೋಹವನ್ನು ಈಗಲೇ ಖರ್ಚು ಮಾಡಬಾರದು. ಕೊರೆದ ಮೇಲೆ ಪೋರ್ಟಿನ ಅಂಚುಗಳು ಬ್ಲೇಡಿನಷ್ಟು ಚೂಪಾಗಿರುತ್ತವೆ, ಅವನ್ನು ಮಟ್ಟ ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ರಿಂಗನ್ನು ಬರೀ ಸಿಲಿಂಡರಿನಲ್ಲಿಟ್ಟು ನೋಡಿದಾಗ ತುದಿಗಳ ನಡುವೆ 0.2ರಿಂದ 0.3 ಮಿ.ಮೀ. ಸಂದಿ ಇರಲಿ. ಪಿಸ್ಟನ್ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ.

ಕ್ಲಚ್ಚಿನ ಕಾರ್ಕ್ ಪ್ಲೇಟುಗಳನ್ನು ಹಾಕುವ ಹಿಂದಿನ ರಾತ್ರಿ ಗೇರ್ ಆಯಿಲ್ಲಿನಲ್ಲಿ ನೆನೆಸಿಡಬೇಕು, ಒಣ ಕಾರ್ಕ್ ಮೊದಲ ದಿನವೇ ಸುಡುತ್ತದೆ. ಗೇರ್, ಕಿಕ್ ಎರಡಕ್ಕೂ ಒಂದೇ ಲಿವರ್ ಇರುವುದು ಈ ಗಾಡಿಯ ಹೆಮ್ಮೆ. ಅದರ ಹಲ್ಲು ಸವೆದು ಜಾರತೊಡಗಿದರೆ ಕೆಲವರು ಶಾಫ್ಟಿಗೇ ವೆಲ್ಡ್ ಹೊಡೆದುಬಿಡುತ್ತಾರೆ. ಆಮೇಲೆ ಕ್ಲಚ್ ಕವರ್ ಬಿಚ್ಚುವುದು ಹೇಗೆ? ಗ್ಯಾಸ್ ಕಟ್ಟರ್ ತರಬೇಕಷ್ಟೇ.

ಈಗ ಪೆಟ್ರೋಲ್. ಇಂದು ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಅದು ಹಳೆ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ, ಪೆಟ್ರೋಲ್ ಕಾಕಿನ (ಟ್ಯಾಂಕಿನ ನಲ್ಲಿಯ) ಕಾರ್ಕನ್ನು ಕೆಡಿಸುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿನ ತಳಕ್ಕೆ ನೀರು ಇಳಿಸುತ್ತದೆ. ಎಥನಾಲ್ ತಡೆಯುವ ಪೈಪು, ವಾಷರು ಹಾಕಿಸಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕ್, ಕಾರ್ಬ್ಯುರೇಟರ್ ಎರಡನ್ನೂ ಖಾಲಿ ಮಾಡಿ. ಎಥನಾಲ್ ಮಿಶ್ರಣವನ್ನು ತುಸು ತೆಳುವೂ ಮಾಡುತ್ತದೆ. ಜೋರು ಓಟದ ನಂತರ ಪ್ಲಗ್ ತುದಿ ಬಿಳಿಚಿಕೊಂಡಿದ್ದರೆ, ಗಾಳಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ. ಕಾಫಿಪುಡಿ ಬಣ್ಣ ಬಂದರೆ ಸರಿ. ಪೆಟ್ರೋಲಿಗೆ ಬೆರೆಸುವ ಟೂಟಿ (2T) ಆಯಿಲ್ ಲೆಕ್ಕ: ಹೊಸ ಬೋರಿಗೆ ಮೊದಲ 500 ಕಿ.ಮೀ. ಲೀಟರಿಗೆ 50 ಮಿ.ಲೀ., ಆಮೇಲೆ 40 ಮಿ.ಲೀ. ಕ್ಯಾನಿನಲ್ಲಿ ಬೆರೆಸಿಯೇ ಟ್ಯಾಂಕಿಗೆ ಸುರಿಯಿರಿ. ಪೆಟ್ರೋಲ್ ಜೊತೆಗೇ ಆಯಿಲ್ ಬರಬೇಕಾದ ಎಂಜಿನ್ ಇದು. ಚಾಮುಂಡಿ ಬೆಟ್ಟದಿಂದ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುತ್ತಾ ಬಂದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಬರುತ್ತಿರುವುದಿಲ್ಲ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡುತ್ತಿರಬೇಕು.

ಕರೆಂಟಿನ ಕೆಲಸ ಹೆಚ್ಚೇನಿಲ್ಲ. ಪಾಯಿಂಟ್ ಸಂದಿ 0.4 ಮಿ.ಮೀ., ಪ್ಲಗ್ ಸಂದಿ 0.6, ಟೈಮಿಂಗ್ (ಕಿಡಿ ಹಾರುವ ಸಮಯ) ಆಯಾ ಮಾದರಿಯ ಪುಸ್ತಕದಲ್ಲಿರುವಂತೆ ಡಯಲ್ ಗೇಜ್ ಇಟ್ಟೇ ಹೊಂದಿಸಿ, ಕಿವಿಯ ಅಂದಾಜು ಬೇಡ. 6 ವೋಲ್ಟ್ ತೆಗೆದು 12 ವೋಲ್ಟ್ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದರೆ ತಪ್ಪೇನಿಲ್ಲ, ದೀಪ ಚೆನ್ನಾಗಿ ಬೆಳಗುತ್ತದೆ. ಬಿಚ್ಚಿದ ಡೈನಮೋ, ರೆಗ್ಯುಲೇಟರುಗಳನ್ನು ಚೀಟಿ ಕಟ್ಟಿ ಎತ್ತಿಡಿ, ಗುಜರಿಗೆ ಹಾಕಬೇಡಿ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯುಂಟು. ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಗಾಡಿ ಹೀಗೆ ತುಕ್ಕು ಮೈಯಲ್ಲೇ ಒಂದಿಷ್ಟು ದಿನ ಓಡಿ, ಸೋರಿಕೆ, ಸದ್ದು ಎಲ್ಲ ಹೊರಬಿದ್ದ ಮೇಲೆ ಬಣ್ಣದ ಮಾತು. ಮೂಲ ಬಣ್ಣ ಬೇಕಾದವರು ಟೂಲ್ ಬಾಕ್ಸಿನ ಒಳಗೆ, ಟ್ಯಾಂಕಿನ ಅಡಿಯಲ್ಲಿ ಬಿಸಿಲು ಕಾಣದ ಜಾಗ ಹುಡುಕಿದರೆ ಸಿಗುತ್ತದೆ. ಕ್ರೋಮ್‌ಗೆ ಮುಂಚೆ ನಿಕ್ಕಲ್ ಪದರ ಸರಿಯಾಗಿ ಕೂರದಿದ್ದರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸುವವರು ಅರ್ತಿಂಗ್ ಜಾಗಗಳನ್ನು ಮುಚ್ಚಿಸಲಿ, ಇಲ್ಲವಾದರೆ ಹಾರ್ನ್, ದೀಪ ಎಲ್ಲವೂ ಮುಷ್ಕರ ಹೂಡುತ್ತವೆ. ತೀರ ಎಚ್ಚರ ಬೇಕಾದದ್ದು ಕೆತ್ತಿದ ನಂಬರುಗಳ ಬಗ್ಗೆ. ಎಂಜಿನ್ ಕೇಸನ್ನು ಕನ್ನಡಿಯಂತೆ ಬಫಿಂಗ್ ಮಾಡುವ ಉತ್ಸಾಹದಲ್ಲಿ ಎಂಜಿನ್ ನಂಬರ್, ತುಕ್ಕು ತೆಗೆಯಲು ಮರಳು ಹೊಡೆಯುವಾಗ ಚಾಸಿ ನಂಬರ್ ಅಳಿಸಿಹೋಗುತ್ತವೆ. ಆಮೇಲೆ ಇನ್‌ಸ್ಪೆಕ್ಟರ್ ಮುಂದೆ ಸ್ವಂತ ಅಜ್ಜನ ಗಾಡಿಯೂ ಕದ್ದ ಗಾಡಿಯಂತೆಯೇ ಕಾಣುತ್ತದೆ. ಬಫಿಂಗಿಗೆ ಕೊಡುವ ಮುಂಚೆ ಫೋಟೊ ತೆಗೆದು, ನಂಬರಿನ ಮೇಲೆ ಟೇಪ್ ಅಂಟಿಸಿ, ಪೆನ್ಸಿಲ್ ಉಜ್ಜಿ ಅಚ್ಚನ್ನೂ ತೆಗೆದಿಡಿ.

ಇನ್ನು ಕಾಗದ. ಎಷ್ಟೋ ಮನೆಗಳಲ್ಲಿ ಆರ್‌ಸಿ ಇಂದಿಗೂ ತೀರಿಕೊಂಡ ತಾತನ ಹೆಸರಿನಲ್ಲೇ ಇದೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರು ಅರ್ಜಿ ಹಾಕಬೇಕು. ಗಡುವು ಮೀರಿ ದಶಕಗಳಾಗಿದ್ದರೂ ಎಂಜಿನ್ನಿಗೆ ದುಡ್ಡು ಸುರಿಯುವ ಮೊದಲೇ ಇದನ್ನು ಬಗೆಹರಿಸಿಕೊಳ್ಳುವುದು ಜಾಣತನ. 2021ರ ವಿಂಟೇಜ್ ನಿಯಮ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ ಮಾತ್ರ. ಹಾಗಾಗಿ ಹಳೆ ಜಾವಾಗಳಿಗೆ ಅವಕಾಶವಿದೆ, 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ 2028ರವರೆಗೆ ಕಾಯಬೇಕು. ಹೊಸ ನೋಂದಣಿಗೆ ₹20,000 ಶುಲ್ಕ, ಹತ್ತು ವರ್ಷದ ಮಾನ್ಯತೆ. ಆದರೆ ವಿಂಟೇಜ್ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್‌ಗೆ ಮಾತ್ರ. ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿಬರುವ ಆಸೆಯಿದ್ದರೆ ಸಾಮಾನ್ಯ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುವುದು ವಾಸಿ. ಚಾಸಿ ಕತ್ತರಿಸಿ ಬೇರೆ ರೂಪ ಕೊಟ್ಟವರಿಗೆ ವಿಂಟೇಜ್ ದಾರಿ ಮುಚ್ಚಿದಂತೆಯೇ. ಗಾಡಿಯ ರೂಪ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತೊಡಕು ಬೇರೆ.

ಸಾರಿಗೆ ಇಲಾಖೆ ಈ ವಾರಸುದಾರಿಕೆಯ ಕ್ರಮವನ್ನು, ಗಡುವು ಮೀರಿದವರು ಏನು ಮಾಡಬೇಕೆಂಬುದನ್ನೂ ಸೇರಿಸಿ, ಒಂದು ಪುಟದ ಕನ್ನಡ ಕರಪತ್ರವಾಗಿ ಪ್ರತಿ ಆರ್‌ಟಿಒ ಕಚೇರಿಯಲ್ಲಿ ಅಂಟಿಸಲಿ. ಮೈಸೂರಿನ ಐಟಿಐಗಳು ಕ್ರ್ಯಾಂಕ್ ಒತ್ತುವುದು, ಸೆಂಟರ್ ನೋಡುವುದನ್ನು ಕಲಿಸುವ ಕಿರು ತರಬೇತಿ ಆರಂಭಿಸಲಿ. ಭಾರತದ ಜಾವಾ ಹುಟ್ಟಿದ ಊರಿನಲ್ಲಿ ಕಲಿಯಲು ಬರುವವರಿಗೇನೂ ಬರವಿರಲಾರದು. ಮುಂದಿನ ಜುಲೈನಲ್ಲಿ ತಮ್ಮ ಪತ್ರಿಕೆ ಗಾಡಿಗಳ ಚಿತ್ರ ಹಾಕುವಾಗ, ಬಣ್ಣದ ಜೊತೆಗೆ ಎಂಜಿನ್ನಿನಲ್ಲಿ ಏನೇನು ಕೆಲಸ ಆಗಿದೆ ಎಂಬುದನ್ನೂ ಕೇಳಿ ಒಂದು ಸಾಲು ಬರೆಯಬೇಕೆಂದು ಕೋರಿಕೆ.

— ಹಳೆ ಜಾವಾ, ಯೆಜ್ಡಿ ದುರಸ್ತಿಯಲ್ಲಿ ತೊಡಗಿರುವ ಓದುಗರು, ಮೈಸೂರು