ಉಸಿರಿನ ಚೀಟಿಗೂ ತೀರ್ಪಿಗೂ ಒಂದೇ ನಂಬರ್ ಕೊಡಿಸಿ
ಹುಬ್ಬಳ್ಳಿ–ಧಾರವಾಡ ಪೊಲೀಸ್ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಾನು ನ್ಯಾಯಾಂಗ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಪಿಂಚಣಿಯ ಜೊತೆಗೆ ನನಗೆ ಅಂಟಿಕೊಂಡ ಇನ್ನೊಂದು ಉದ್ಯೋಗವೆಂದರೆ ಓಣಿಯವರ ಕೋರ್ಟು-ಕಚೇರಿಯ ಅನುಮಾನಗಳನ್ನು ಬಗೆಹರಿಸುವುದು. ಇತ್ತೀಚೆಗೆ ಹೆಚ್ಚಾಗಿ ಬರುವ ಪ್ರಶ್ನೆ ಇದು: ಇಂಥವನ ಮೇಲೆ ಡ್ರಂಕ್ ಅಂಡ್ ಡ್ರೈವ್ ಕೇಸ್ ಆಗಿದೆಯೇ, ಆಗಿದ್ದರೆ ಕೋರ್ಟಿನಲ್ಲಿ ಏನಾಯಿತು, ಅದನ್ನು ನೋಡುವುದು ಹೇಗೆ? ಕೇಳುವವರು ಕುತೂಹಲಕ್ಕೆ ಕೇಳುತ್ತಿಲ್ಲ. ಮಗಳನ್ನು ದಿನಾ ಶಾಲೆಯ ವ್ಯಾನಿಗೆ ಹತ್ತಿಸುವ ತಾಯಿ, ಅಮರಗೋಳದ ಎಪಿಎಂಸಿಗೆ ಲಾರಿ ಓಡಿಸಲು ಚಾಲಕನನ್ನು ಹುಡುಕುತ್ತಿರುವ ಮಾಲೀಕ, ವರನ ಬಗ್ಗೆ ನಾಲ್ಕು ಕಡೆ ವಿಚಾರಿಸಲು ಹೊರಟ ಸೋದರಮಾವ, ಬೈಪಾಸಿನಲ್ಲಿ ಮಗನನ್ನು ಕಳೆದುಕೊಂಡು ಪರಿಹಾರದ ಅರ್ಜಿ ಹಿಡಿದು ತಿರುಗುವ ತಂದೆ. ಇವರೆಲ್ಲರಿಗೂ ನಾನು ದಾರಿ ಹೇಳುತ್ತೇನೆ. ಆದರೆ ಆ ದಾರಿ ನಡುವೆ ಒಂದು ಕಡೆ ಕಡಿದುಹೋಗಿದೆ. ಅದನ್ನು ಕೂಡಿಸುವುದು ಬಹುಮಟ್ಟಿಗೆ ತಮ್ಮ ಕೈಯಲ್ಲಿದೆ ಎಂಬ ಕಾರಣಕ್ಕೆ ಈ ಪತ್ರ.

ಕಾಯ್ದೆ ತಮಗೆ ಗೊತ್ತಿರುವುದೇ. ಓದುವ ಇತರರಿಗಾಗಿ ಎರಡು ಮಾತು ಬರೆಯುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 185ರ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ಅಥವಾ ಎರಡೂ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ರಸೀದಿ ಪಡೆದು ಹೋಗಬಹುದು. ಇದಕ್ಕೆ ಹಾಗಿಲ್ಲ, ನ್ಯಾಯಾಧೀಶರ ಮುಂದೆ ನಿಲ್ಲಲೇಬೇಕು. ಆದ್ದರಿಂದಲೇ ಪ್ರತಿಯೊಂದು ಪ್ರಕರಣಕ್ಕೂ ನ್ಯಾಯಾಲಯದ ದಾಖಲೆ ಇರುತ್ತದೆ. ಕಷ್ಟವಿರುವುದು ಅದನ್ನು ತಲುಪುವುದರಲ್ಲಿ.

ಜನ ಮೊದಲು ಹುಡುಕುವುದು ‘ಅರೆಸ್ಟ್ ಆಗಿದ್ದನೇ’ ಎಂಬುದನ್ನು. ಅಲ್ಲಿಯೇ ಎಡವುತ್ತಾರೆ. ಕಲಂ 202ರಲ್ಲಿ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಪೊಲೀಸರಿಗೆ ಇದೆ. ಹಾಗೆ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಟ್ಟುಬಿಡಬೇಕು. ಆದರೆ ರಾತ್ರಿ ತಪಾಸಣೆಯಲ್ಲಿ ಸಿಕ್ಕವರಲ್ಲಿ ಬಹುತೇಕರಿಗೆ ಆಗುವುದು ಬೇರೆ. ಯಂತ್ರಕ್ಕೆ ಊದಿಸುತ್ತಾರೆ, ಚೀಟಿ ಬರುತ್ತದೆ, ವಾಹನ ಠಾಣೆಯಲ್ಲಿ ಉಳಿಯುತ್ತದೆ, ಕೈಗೊಂದು ನೋಟಿಸು ಬರುತ್ತದೆ, ಮನುಷ್ಯ ಆಟೋ ಹಿಡಿದು ಮನೆಗೆ ಹೋಗುತ್ತಾನೆ. ಬಂಧನದ ಪಟ್ಟಿಯಲ್ಲಿ ಅವನ ಹೆಸರು ಬರುವುದಿಲ್ಲ. ಯಾರಿಗೂ ಪೆಟ್ಟಾಗದಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಕೂಡ ಇರುವುದಿಲ್ಲ. ಹೀಗಾಗಿ ಪೊಲೀಸ್ ಜಾಲತಾಣದಲ್ಲಿ ಎಫ್‌ಐಆರ್ ಹುಡುಕಿ, ಸಿಗಲಿಲ್ಲ, ಹುಡುಗ ಒಳ್ಳೆಯವನು ಎಂದು ತೀರ್ಮಾನಿಸುವ ಸೋದರಮಾವ ಅರ್ಧ ದಾರಿಯಲ್ಲೇ ಸಂಬಂಧ ಕುದುರಿಸಿದಂತಾಗುತ್ತದೆ.

ಎರಡನೆಯ ಗೊಂದಲ ಸರಹದ್ದಿನದು. ದಾಖಲೆ ಇರುವುದು ಆ ಮನುಷ್ಯ ವಾಸವಿರುವ ಊರಿನಲ್ಲಲ್ಲ, ಸಿಕ್ಕಿಬಿದ್ದ ಊರಿನ ನ್ಯಾಯಾಲಯದಲ್ಲಿ. ವಾಹನದ ಮೇಲೆ ಕೆಎ 26 ಎಂದು ಗದಗಿನ ನಂಬರ್ ಇರಬಹುದು, ಹಿಡಿದದ್ದು ಗೋಕುಲ ರಸ್ತೆಯಲ್ಲಾದರೆ ಹುಬ್ಬಳ್ಳಿ ಕೋರ್ಟನ್ನೇ ನೋಡಬೇಕು. ಹುಬ್ಬಳ್ಳಿಯವನೊಬ್ಬ ಬಂಕಾಪುರದ ಹತ್ತಿರ ಸಿಕ್ಕಿದ್ದರೆ ಅದು ಹಾವೇರಿ ಜಿಲ್ಲೆಯ ಪಾಲು. ಜೊತೆಗೆ ನಮ್ಮಲ್ಲಿ ಪೊಲೀಸ್ ವ್ಯವಸ್ಥೆಯೇ ಎರಡು: ಅವಳಿ ನಗರ ತಮ್ಮ ಆಯುಕ್ತಾಲಯಕ್ಕೆ ಸೇರಿದೆ, ಕುಂದಗೋಳ, ಕಲಘಟಗಿ, ನವಲಗುಂದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ವ್ಯಾಪ್ತಿಗೆ. ನಗರ ದಾಟಿ ಧಾಬಾದಲ್ಲಿ ಊಟ ಮುಗಿಸಿ ವಾಪಸಾಗುವವನು ಯಾವ ಠಾಣೆಯ ಕೈಗೆ ಸಿಕ್ಕ ಎಂಬುದು ಅವನಿಗೇ ಮರುದಿನ ಬೆಳಿಗ್ಗೆ ನೋಟಿಸು ನೋಡಿದಾಗ ತಿಳಿಯುತ್ತದೆ. ಹುಡುಕುವವರಿಗೆ ಹೇಗೆ ತಿಳಿಯಬೇಕು?

ಇಷ್ಟಾದ ಮೇಲೆ ಇ-ಕೋರ್ಟ್ಸ್, ಅಂದರೆ ನ್ಯಾಯಾಲಯಗಳ ಪ್ರಕರಣಗಳನ್ನು ಹುಡುಕಿ ನೋಡುವ ಜಾಲತಾಣ. ನ್ಯಾಯಾಂಗ ಮಾಡಿರುವ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ಮನಸಾರೆ ಹೇಳುತ್ತೇನೆ. ನಮ್ಮ ಕಾಲದಲ್ಲಿ ದಪ್ಪ ರಿಜಿಸ್ಟರಿನ ಧೂಳು ಕೊಡವಿ ನೋಡುತ್ತಿದ್ದುದನ್ನು ಈಗ ಮೊಬೈಲಿನಲ್ಲಿ, ವಕೀಲರ ಹಂಗಿಲ್ಲದೆ, ಪುಕ್ಕಟೆಯಾಗಿ ನೋಡಬಹುದು. ಕರ್ನಾಟಕ, ನಂತರ ಧಾರವಾಡ ಜಿಲ್ಲೆ, ನಂತರ ಹುಬ್ಬಳ್ಳಿ ನ್ಯಾಯಾಲಯ ಸಂಕೀರ್ಣ ಆರಿಸಿಕೊಂಡು ಪಕ್ಷಗಾರರ ಹೆಸರು ಮತ್ತು ವರ್ಷ ಹಾಕಬೇಕು. ಕಾಯ್ದೆಯ ಹೆಸರು ಆರಿಸಿ ಕಲಂ 185 ಎಂದು ಕೊಟ್ಟೂ ಹುಡುಕಬಹುದು. ಇಲ್ಲಿ ಒಂದು ಎಚ್ಚರ: ಬಾಕಿ ಇರುವ ಪ್ರಕರಣ, ವಿಲೇವಾರಿಯಾದ ಪ್ರಕರಣ ಎಂಬ ಆಯ್ಕೆಗಳಲ್ಲಿ ವಿಲೇವಾರಿಯಾದದ್ದನ್ನು ಒತ್ತಲೇಬೇಕು. ಕುಡಿದು ಓಡಿಸಿದವನು ಸಾಮಾನ್ಯವಾಗಿ ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿ ವಾಹನ ಬಿಡಿಸಿಕೊಂಡು ಹೋಗಿರುತ್ತಾನೆ. ಬಾಕಿ ಪಟ್ಟಿಯಲ್ಲಿ ಅವನನ್ನು ಹುಡುಕಿದರೆ ಜನ್ಮದಲ್ಲಿ ಸಿಗಲಾರ.

ಸರಿಯಾದ ಗುಂಡಿಯನ್ನೇ ಒತ್ತಿದರೂ ಹೆಸರು ಕೈಕೊಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಮಲ್ಲಿಕಾರ್ಜುನ ಎಂದು ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆ ನಮ್ಮ ನ್ಯಾಯಾಲಯಗಳಲ್ಲಿ ದಾಖಲಾಗಿವೆ. ರಾತ್ರಿ ಹನ್ನೊಂದಕ್ಕೆ ರಸ್ತೆಯ ದೀಪದ ಕೆಳಗೆ ಬರೆದುಕೊಂಡ ಹೆಸರು ಆರೋಪಪಟ್ಟಿಗೆ ಹೋಗುತ್ತದೆ, ಆರೋಪಪಟ್ಟಿಯಲ್ಲಿ ಕಂಡದ್ದನ್ನು ಕೋರ್ಟಿನ ನೌಕರ ಬೆರಳಚ್ಚಿಸುತ್ತಾನೆ. ಅಡ್ಡಹೆಸರು ಒಮ್ಮೆ ಮುಂದೆ ಬರುತ್ತದೆ, ಒಮ್ಮೆ ಹಿಂದೆ ಹೋಗುತ್ತದೆ, ಒಮ್ಮೆ ಬರೀ ಇನಿಷಿಯಲ್ ಆಗಿ ಉಳಿಯುತ್ತದೆ. ಇನ್ನು ಈ ಅಪರಾಧದಲ್ಲಿ ತಪ್ಪಿಲ್ಲದೆ ಗುರುತು ಹಿಡಿಯಬಲ್ಲ ಎರಡೇ ಸಂಗತಿಗಳು, ವಾಹನದ ನೋಂದಣಿ ಸಂಖ್ಯೆ ಮತ್ತು ಚಾಲನಾ ಪರವಾನಗಿ ಸಂಖ್ಯೆ. ಅವುಗಳನ್ನು ಕೊಟ್ಟು ಹುಡುಕುವ ಸೌಲಭ್ಯ ಅಲ್ಲಿ ಇಲ್ಲ.

ಇದರಿಂದ ತಪ್ಪಿತಸ್ಥ ತಪ್ಪಿಸಿಕೊಳ್ಳುತ್ತಾನೆ ಎಂಬುದಷ್ಟೇ ನನ್ನ ದೂರಲ್ಲ. ನಿರಪರಾಧಿ ಸಿಕ್ಕಿಬೀಳುತ್ತಾನೆ. ನಮ್ಮ ಓಣಿಯ ಹುಡುಗನೊಬ್ಬ ಶಾಲಾ ವ್ಯಾನ್ ಓಡಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದ. ಹನಿ ಮುಟ್ಟದವನು. ಶಾಲೆಯ ಕಡೆಯವರು ಅವನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರು. ಅದೇ ಹೆಸರು, ಅದೇ ಅಡ್ಡಹೆಸರು, ಕಲಂ 185, ದಂಡ ಪಾವತಿ. ಕೆಲಸ ಇಲ್ಲ ಎಂದರು. ಅವರನ್ನು ನಾನು ದೂರುವುದಿಲ್ಲ. ಕುಡಿದು ಓಡಿಸಿ ಒಮ್ಮೆ ಸಿಕ್ಕವನನ್ನೂ ಶಾಲಾ ಬಸ್ಸಿಗೆ ನೇಮಿಸಬಾರದು ಎಂದು ಸಿಬಿಎಸ್‌ಇ 2017ರಲ್ಲೇ ತನ್ನ ಶಾಲೆಗಳಿಗೆ ತಿಳಿಸಿದೆ, ಮಕ್ಕಳ ವಿಷಯದಲ್ಲಿ ಹೆದರುವುದು ಸರಿಯೇ. ಹುಡುಗ ಒಂದು ಠಾಣೆಗೆ ಹೋಗಿ ಕೇಳಿದ. ಯಾವ ಠಾಣೆ ಎಂಬುದು ಮುಖ್ಯವಲ್ಲ, ಹೆಸರು ಹೇಳುವುದಿಲ್ಲ. ‘ಕೋರ್ಟಿಗೆ ಕಳಿಸಿಯಾಗಿದೆ, ಅಲ್ಲಿ ಕೇಳು’ ಎಂದರು. ಅಲ್ಲಿಗೆ ಹೋದರೆ ‘ನಿನ್ನ ಕೇಸೇ ಅಲ್ಲ ಎನ್ನುತ್ತೀಯ, ನಕಲು ಯಾಕೆ ಕೊಡಬೇಕು’ ಎಂಬ ಪ್ರಶ್ನೆ. ಕೊನೆಗೆ ಕಾರಣ ವಿವರಿಸಿ ಅಫಿಡವಿಟ್ ಸಮೇತ ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆದಾಗ ಕಂಡದ್ದು ಬೇರೆ ತಂದೆಯ ಹೆಸರು, ಬೇರೆ ವಿಳಾಸ. ಅಷ್ಟರಲ್ಲಿ ಆ ವ್ಯಾನಿಗೆ ಬೇರೆ ಚಾಲಕ ಬಂದಿದ್ದ.

ಇಂಥ ಪ್ರಕರಣಗಳನ್ನು ಬೇಗ ಮುಗಿಸುವ ಸಂಕ್ಷಿಪ್ತ ವಿಚಾರಣೆಯಲ್ಲಿ ನ್ಯಾಯಾಧೀಶರು ಏನೇನು ದಾಖಲಿಸಬೇಕು ಎಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 263ರಲ್ಲಿ ಇತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 286ರಲ್ಲಿ ಇದೆ: ಕ್ರಮಸಂಖ್ಯೆ, ಅಪರಾಧ ನಡೆದ ದಿನ, ಆರೋಪಿಯ ಹೆಸರು, ತಂದೆ ಅಥವಾ ತಾಯಿಯ ಹೆಸರು, ವಾಸಸ್ಥಳ, ಅವನ ಉತ್ತರ, ತೀರ್ಮಾನ, ಶಿಕ್ಷೆ. ಅಂದರೆ ಇಬ್ಬರು ಬಸವರಾಜರನ್ನು ಬೇರ್ಪಡಿಸುವ ಮಾಹಿತಿ ಕಡತದಲ್ಲಿ ಇದ್ದೇ ಇದೆ. ಮೊಬೈಲಿನ ಪರದೆಯ ಮೇಲೆ ಬರುವುದು ಹೆಸರು ಮಾತ್ರ.

ಈಗ ತಮ್ಮ ಪಾಲಿನ ವಿಷಯಕ್ಕೆ ಬರುತ್ತೇನೆ. ರೈತನ ಹೊಲಕ್ಕೆ ಸರ್ವೆ ನಂಬರ್ ಇರುವಂತೆ ಪ್ರತಿ ನ್ಯಾಯಾಲಯ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ಅದೊಂದು ಗೊತ್ತಿದ್ದರೆ ಹೆಸರಿನ ತಕರಾರೇ ಇಲ್ಲ, ಪ್ರಕರಣ ನೇರವಾಗಿ ತೆರೆದುಕೊಳ್ಳುತ್ತದೆ. ಆದರೆ ಉಸಿರಿನ ಯಂತ್ರದ ಚೀಟಿಗೆ ಒಂದು ಸಂಖ್ಯೆ, ಠಾಣೆಯ ಪುಸ್ತಕಕ್ಕೆ ಇನ್ನೊಂದು, ಕೋರ್ಟಿನ ಸಿ.ಸಿ. (ಕ್ರಿಮಿನಲ್ ಕೇಸ್) ನಂಬರ್ ಮತ್ತೊಂದು. ಕೋರ್ಟು ಕೊಟ್ಟ ಸಂಖ್ಯೆ ಠಾಣೆಯ ಪುಸ್ತಕಕ್ಕೆ ಹಿಂತಿರುಗಿ ಬಂದು ಚೀಟಿಯ ಸಂಖ್ಯೆಯ ಪಕ್ಕದಲ್ಲಿ ಕೂರುವ ಪದ್ಧತಿ ಆಗಲಿ. ಕೋರ್ಟಿಗೆ ದಿನಾ ಹೋಗಿಬರುವ ತಮ್ಮ ಸಿಬ್ಬಂದಿಯ ಕೈಯಲ್ಲೇ ಆ ಸಂಖ್ಯೆ ಇರುತ್ತದೆ. ಒಂದು ಅಂಕಣ ಹೆಚ್ಚಿಗೆ ಬರೆದರಾಯಿತು. ಆರೋಪಪಟ್ಟಿಯಲ್ಲಿ ಹೆಸರನ್ನು ಕೇಳಿ ಬರೆಯುವ ಬದಲು ಚಾಲನಾ ಪರವಾನಗಿಯಲ್ಲಿ ಇರುವಂತೆಯೇ ಬರೆಯಬೇಕು, ತಂದೆಯ ಹೆಸರನ್ನೂ ಪರವಾನಗಿ ಸಂಖ್ಯೆಯನ್ನೂ ಬಿಡಬಾರದು ಎಂದು ಒಂದು ಸುತ್ತೋಲೆ ಹೊರಡಿಸಿದರೆ ಇನ್ನರ್ಧ ಕೆಲಸ ಮುಗಿಯಿತು.

ಇದು ಓಣಿಯವರ ಅನುಕೂಲಕ್ಕೆ ಕೇಳುವ ಉಪಕಾರವೆಂದು ತಿಳಿಯಬೇಡಿ. ಎರಡನೆಯ ಸಲ ಸಿಕ್ಕವನಿಗೆ ಹೆಚ್ಚಿನ ಶಿಕ್ಷೆ ಎಂದು ಸಂಸತ್ತು ಬರೆದಿದೆ. ಹೆಚ್ಚಿನ ಶಿಕ್ಷೆ ಬೇಕಾದರೆ ಹಿಂದಿನ ಶಿಕ್ಷೆಯ ದಿನಾಂಕ ಮತ್ತು ಸ್ಥಳ ದೋಷಾರೋಪದಲ್ಲಿ ನಮೂದಾಗಬೇಕು ಎಂಬ ನಿಯಮ ಹಳೆಯ ಸಂಹಿತೆಯಲ್ಲಿಯೂ ಇತ್ತು, ಹೊಸದರಲ್ಲಿಯೂ ಇದೆ. ಕಳೆದ ವರ್ಷ ಗದಗಿನಲ್ಲಿ ದಂಡ ಕಟ್ಟಿದವನು ಈ ವರ್ಷ ಕೇಶ್ವಾಪುರದಲ್ಲಿ ಯಂತ್ರಕ್ಕೆ ಊದಿದರೆ, ಗದಗಿನ ಸಂಗತಿ ಇಲ್ಲಿಯ ಸಬ್ ಇನ್‌ಸ್ಪೆಕ್ಟರಿಗೆ ಕಾಣದಿದ್ದರೆ, ಆ ಮನುಷ್ಯ ಮತ್ತೊಮ್ಮೆ ‘ಮೊದಲ ಸಲ’ದವನಾಗುತ್ತಾನೆ. ಹೀಗೆ ಊರೂರಿಗೆ ಒಂದೊಂದು ಮೊದಲ ಸಲ ಮಾಡಿಕೊಳ್ಳುತ್ತ ಹೋಗಬಹುದು. 15,000 ರೂಪಾಯಿಯ ಕಲಂ ಕಾಗದದಲ್ಲಿ ಮಲಗಿರುತ್ತದೆ. ಪರವಾನಗಿ ಅಮಾನತಿನ ಶಿಫಾರಸು ಆರ್‌ಟಿಒಗೆ ಹೋಗುವಾಗಲೂ ಇದೇ ಕತೆ.

ಇನ್ನು ನಿಜವಾಗಿ ಬಂಧನವಾದ ಪ್ರಕರಣಗಳ ಮಾತು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 37ನ್ನು ಒಮ್ಮೆ ತೆರೆದು ನೋಡಬೇಕೆಂದು ವಿನಂತಿ. ಪ್ರತಿ ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ ಸಹಾಯಕ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರನ್ನು ರಾಜ್ಯ ಸರ್ಕಾರ ನಾಮನಿರ್ದೇಶನ ಮಾಡಬೇಕು. ಬಂಧಿತರ ಹೆಸರು, ವಿಳಾಸ, ಅಪರಾಧದ ಸ್ವರೂಪದ ಮಾಹಿತಿಯನ್ನು ಅವರು ಇಟ್ಟುಕೊಳ್ಳಬೇಕು. ಅದು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶನವಾಗಬೇಕು, ಡಿಜಿಟಲ್ ರೂಪದಲ್ಲಿಯೂ ಆಗಬಹುದು. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಪೂರ್ವ, ಉತ್ತರ, ದಕ್ಷಿಣ ಮತ್ತು ಧಾರವಾಡದ ಸಂಚಾರ ಠಾಣೆಗಳಲ್ಲಿ ಆ ಅಧಿಕಾರಿ ಯಾರು ಎಂದು ಜನರಿಗೆ ಹೇಳಿಬಿಟ್ಟರೆ, ನನ್ನ ಮನೆಯ ಕಟ್ಟೆಯ ಮೇಲಿನ ಸಾಲು ಅರ್ಧ ಕರಗುತ್ತದೆ.

ಮಾಹಿತಿ ಹಕ್ಕು ಇದೆಯಲ್ಲ ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಹೇಳಿಯಾರು. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದ, ಮೂವತ್ತು ದಿನ. ಆ ದಾರಿಯೂ ನನಗೆ ಚೆನ್ನಾಗಿ ಗೊತ್ತು. ಒಬ್ಬ ವ್ಯಕ್ತಿಯ ಹೆಸರು ಹಾಕಿ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ಕಲಂ 8(1)(ಜೆ) ತೋರಿಸುತ್ತಾರೆ. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದಂತೆ ಅರ್ಜಿ ಹಾಕಿಯೇ ಪಡೆಯಬೇಕು, ಮಾಹಿತಿ ಹಕ್ಕಿನಲ್ಲಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಹೇಳಿದೆ. ಮಾಹಿತಿ ಹಕ್ಕು ನೆರವಾಗುವುದು ಲೆಕ್ಕ ಕೇಳಲು: ಯಾವ ಠಾಣೆಯಲ್ಲಿ ಎಷ್ಟು ಜನರನ್ನು ಪರೀಕ್ಷಿಸಿದರು, ಎಷ್ಟು ಪ್ರಕರಣ ಕೋರ್ಟಿಗೆ ಹೋದವು, ಎಷ್ಟಕ್ಕೆ ಶಿಕ್ಷೆಯಾಯಿತು, ಎಷ್ಟು ಪರವಾನಗಿ ಅಮಾನತಾದವು. ಆ ಲೆಕ್ಕವನ್ನು ಯಾರೂ ಕೇಳುವ ಮೊದಲೇ ತಿಂಗಳಿಗೊಮ್ಮೆ ತಾವೇ ಪ್ರಕಟಿಸಬಹುದು. ಹಿಡಿದವರ ಸಂಖ್ಯೆ ಪತ್ರಿಕೆಗಳಲ್ಲಿ ಹಬ್ಬದ ಮರುದಿನ ಓದಲು ಸಿಗುತ್ತದೆ. ಅವರಿಗೆ ಕೊನೆಗೆ ಏನಾಯಿತು ಎಂಬುದೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಲಿ.

ಒಂದು ವಿಷಯದಲ್ಲಿ ನನ್ನನ್ನು ತಪ್ಪು ತಿಳಿಯಬಾರದು. ಸಿಕ್ಕಿಬಿದ್ದವರ ಮುಖದ ವಿಡಿಯೊ ಮಾಡಿ ವಾಟ್ಸ್‌ಆ್ಯಪಿನಲ್ಲಿ ಹರಿಯಬಿಡಿ ಎಂದು ನಾನು ಕೇಳುತ್ತಿಲ್ಲ. ಅದು ಯಾರು ಮಾಡಿದರೂ ಅಸಹ್ಯ. ತೊದಲುವವನನ್ನು ನೋಡಿ ನಕ್ಕು ಮುಂದೆ ಕಳಿಸುವವರಿಗೆ ಆ ಪ್ರಕರಣ ಖುಲಾಸೆಯಾದದ್ದು ಎಂದೂ ತಿಳಿಯುವುದಿಲ್ಲ. ಯಂತ್ರದ ಅಂಕಿ ಆರೋಪ, ನ್ಯಾಯಾಧೀಶರ ಸಹಿ ತೀರ್ಮಾನ. ನನಗೆ ಬೇಕಾದದ್ದು ತೀರ್ಮಾನದ ದಾಖಲೆ, ಸರಿಯಾದ ಮನುಷ್ಯನ ಹೆಸರಿನಲ್ಲಿ, ಕೇಳಿದವರಿಗೆ ಸಿಗುವಂತೆ.

ಈಗ ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ನಾನು ಕೊಡುವ ಸಲಹೆ ಬೇರೆಯೇ ಇದೆ: ಚಾಲಕನನ್ನೇ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹೇಳಿ, ಅವನ ಹೆಸರು ಅವನೇ ಬರೆಯಲಿ. ಗುಟ್ಟಾಗಿ ಹುಡುಕುವುದಕ್ಕಿಂತ ಅದು ಮರ್ಯಾದೆಯ ದಾರಿ. ಆದರೆ ಆ ಪ್ರಮಾಣಪತ್ರ ಬರೆಯುವ ತಮ್ಮ ಸಿಬ್ಬಂದಿಗೂ ನೋಡಲು ಇರುವುದು ಅದೇ ಪುಸ್ತಕಗಳು. ಠಾಣೆಯ ಪುಸ್ತಕದಲ್ಲಿ ಕೋರ್ಟಿನ ಸಂಖ್ಯೆ ಇಲ್ಲದಿದ್ದರೆ ಅವರು ತಾನೇ ಏನು ಪರಿಶೀಲಿಸಿಯಾರು?

ಈ ಪತ್ರಕ್ಕೆ ಬರವಣಿಗೆಯ ಉತ್ತರ ಬೇಕೆಂದಿಲ್ಲ. ನವನಗರದ ತಮ್ಮ ಕಚೇರಿಯಿಂದ ಸಂಚಾರ ಠಾಣೆಗಳಿಗೆ ಆ ಒಂದು ಅಂಕಣದ ಸುತ್ತೋಲೆ ಹೊರಟಿತು, ಕಲಂ 37ರ ಅಧಿಕಾರಿಗಳ ಪಟ್ಟಿ ಪ್ರಕಟವಾಯಿತು ಎಂದು ತಿಳಿದರೆ ಅದನ್ನೇ ಉತ್ತರವೆಂದು ಭಾವಿಸುತ್ತೇನೆ. ಸುತ್ತೋಲೆಯ ಕರಡು ಬರೆಯಲು ನಿವೃತ್ತನೊಬ್ಬನ ಕೈ ಬೇಕಾದರೆ ಯಾವ ದಿನ ಕರೆದರೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ
ವಿದ್ಯಾನಗರ, ಹುಬ್ಬಳ್ಳಿ